ಅಮ್ಮನ ಫೋನಿನಲ್ಲಿ ಜಾಗ

ನಮ್ಮ ಮನೆಯ ಜಗಲಿಯಲ್ಲಿ ಮುತ್ತಜ್ಜನ ಫೋಟೊ ಒಂದಿದೆ. ಕೈಯಿರುವ ಮರದ ಕುರ್ಚಿಯಲ್ಲಿ ಕೂತಿದ್ದಾರೆ, ಹೆಗಲ ಮೇಲೆ ಶಾಲು, ಎರಡೂ ಕೈ ತೊಡೆಯ ಮೇಲೆ. ಹತ್ತಿರ ಹೋಗಿ ನೋಡಿದರೆ ಕಣ್ಣಿಗೂ ಮುಖದ ಉಳಿದ ಭಾಗಕ್ಕೂ ಹೊಂದುವುದಿಲ್ಲ ಎಂದು ಗೊತ್ತಾಗುತ್ತದೆ. ಅದು ಅವರು ತೀರಿಕೊಂಡ ಮೇಲೆ ತೆಗೆಸಿದ್ದು. ಸಾಗರಕ್ಕೆ ಆಳು ಕಳಿಸಿ ಸ್ಟುಡಿಯೊದವರನ್ನು ಕರೆಸಿ, ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು ತೆಗೆಸಿದರಂತೆ. ಮುಚ್ಚಿದ್ದ ರೆಪ್ಪೆಯ ಮೇಲೆ ತೆರೆದ ಕಣ್ಣನ್ನು ಆಮೇಲೆ ಸ್ಟುಡಿಯೊದಲ್ಲಿ ಕುಂಚದಿಂದ ಬರೆದರು. ಎಪ್ಪತ್ತರ ಗಡಿ ದಾಟಿ ಬದುಕಿದ ಮನುಷ್ಯನ ಒಂದು ಫೋಟೊವನ್ನೂ ಅಲ್ಲಿಯವರೆಗೆ ಯಾರೂ ತೆಗೆದಿರಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಇಂಥ ಫೋಟೊ ಈಗಲೂ ಸಿಗುತ್ತವೆ, ಮನೆಯವರು ಹೇಳದಿದ್ದರೆ ಗೊತ್ತಾಗುವುದಿಲ್ಲ ಅಷ್ಟೆ. ಅಜ್ಜಿಯದು ಬೇರೆ ಬಗೆ. ಯಾರದೋ ಮದುವೆಯ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದ ಅವಳ ಮುಖವನ್ನಷ್ಟೇ ತೆಗೆದು ದೊಡ್ಡದು ಮಾಡಿಸಿದ್ದಾರೆ. ಪಕ್ಕದವರ ಭುಜ ಅಳಿಸಿ ಅಲ್ಲಿ ಬೂದು ಬಣ್ಣ ತುಂಬಿದ್ದಾರೆ. ಅಷ್ಟಾದರೂ ಮೂಗುತಿಯ ಹರಳು ಎಣಿಸಬಹುದು, ಬೈತಲೆಯ ಎರಡು ಪಕ್ಕದ ನರೆಗೂದಲು ಕಾಣುತ್ತದೆ. ಆಗಿನ ಸ್ಟುಡಿಯೊ ಕ್ಯಾಮೆರಾದ ನೆಗೆಟಿವ್ ಅಂಗೈಯಷ್ಟು ಅಗಲ ಇರುತ್ತಿತ್ತು. ಗುಂಪಿನೊಳಗಿನ ಒಂದು ಸಣ್ಣ ಮುಖದಲ್ಲೂ ದೊಡ್ಡದು ಮಾಡುವಷ್ಟು ವಿವರ ಉಳಿಯುತ್ತಿತ್ತು.

ಅಮ್ಮನ ತವರಿಗೆ ಇಷ್ಟೂ ಇಲ್ಲ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಮುಳುಗಡೆಯಲ್ಲಿ ಅವಳ ತವರುಮನೆ, ತೋಟ, ಗದ್ದೆ ಎಲ್ಲ ಹೋಯಿತು. ಕದ, ಕಂಬ, ಹಂಚು ಬಿಚ್ಚಿ ಲಾರಿಗೆ ಹೇರಿಕೊಂಡು ಬಂದರು. ಆ ಕಂಬಗಳಲ್ಲಿ ಎರಡು ಈಗಲೂ ಸೋದರಮಾವನ ಮನೆಯ ಜಗಲಿಯಲ್ಲಿವೆ. ಮನೆಯ ಫೋಟೊ ಮಾತ್ರ ಇಲ್ಲ. ಅಂಗಳ ಯಾವ ದಿಕ್ಕಿಗಿತ್ತು, ಬಚ್ಚಲುಮನೆಗೆ ಎಷ್ಟು ಮೆಟ್ಟಿಲಿದ್ದವು ಎಂಬುದರ ಬಗ್ಗೆ ಅಮ್ಮನಿಗೂ ಮಾವನಿಗೂ ಇವತ್ತಿಗೂ ಒಮ್ಮತವಿಲ್ಲ. ಬೇಸಿಗೆಯಲ್ಲಿ ಹಿನ್ನೀರು ತಳ ಕಂಡು, ಅದರಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದ ವರ್ಷ ಊರಿನ ಹುಡುಗರು ಹೋಗಿ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಅಮ್ಮ ಅದನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ, ಬಿರುಕು ಬಿಟ್ಟ ನೆಲದಲ್ಲಿ ಏನಾದರೂ ಗುರುತು ಸಿಗುತ್ತದೆಯೇ ಎಂದು ನೋಡುತ್ತಾಳೆ.

ಅವಳ ಫೋನು 64 ಜಿಬಿಯದು. ಕಾಲು ಭಾಗಕ್ಕಿಂತ ಹೆಚ್ಚು ಜಾಗವನ್ನು ಫೋನಿನ ಸ್ವಂತ ಸಾಮಾನು ಮತ್ತು ಆ್ಯಪ್‌ಗಳೇ ಹಿಡಿದಿರುತ್ತವೆ. ಉಳಿದದ್ದು ಫೋಟೊ, ವಿಡಿಯೊ, ವಾಟ್ಸಾಪ್. ಕಳೆದ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ನಾನು ಊರಿಗೆ ಹೋದಾಗ ಅದರಲ್ಲಿ ಒಂದು ಫೋಟೊ ತೆಗೆಯಲಿಕ್ಕೂ ಜಾಗವಿರಲಿಲ್ಲ.

“ಎಂತದ್ದೋ ತುಂಬಿದೆ ಅಂತ ತೋರಿಸ್ತಾ ಇದೆ ಮಾರಾಯ. ಪುಟ್ಟಿ ಕುಣಿದದ್ದು ಕಳಿಸಿದಾರಂತೆ, ಸುತ್ತುತ್ತಾ ಇದೆ, ಬರ್ತಾನೇ ಇಲ್ಲ,” ಅಂದಳು.

ರಾತ್ರಿ ಊಟವಾದ ಮೇಲೆ ಕೂತೆವು. ಅವಳು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತು ಒಂದೇ ಕರಾರು ಹಾಕಿದಳು: “ನೋಡದೆ ಒಂದನ್ನೂ ತೆಗೀಬೇಡ.”

ಮೊದಲು ಎದುರಾದದ್ದು ಶುಭೋದಯಗಳು. ಗುಲಾಬಿ, ಸೂರ್ಯ, ಕಾಫಿಲೋಟ, ವಾರಕ್ಕೊಂದು ದೇವರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಈ ಚಿತ್ರಗಳ ಹರಿವು ಎಷ್ಟಾಯಿತೆಂದರೆ, 2017ರ ಡಿಸೆಂಬರಿನಲ್ಲಿ ಗೂಗಲ್ ಫೈಲ್ಸ್ ಗೋ ಎಂಬ ಆ್ಯಪ್ ತಂದಾಗ, ಭಾರತದ ಫೋನುಗಳಲ್ಲಿ ತುಂಬಿಕೊಂಡ ಶುಭೋದಯದ ಚಿತ್ರಗಳನ್ನು ಹುಡುಕಿ ತೋರಿಸುವುದೂ ಅದರ ಕೆಲಸಗಳಲ್ಲಿ ಒಂದಾಯಿತು. ಇವನ್ನು ಅಳಿಸಲು ಅಮ್ಮ ತಕರಾರು ಮಾಡುತ್ತಾಳೇನೋ ಅಂದುಕೊಂಡಿದ್ದೆ. ಚಿಕ್ಕಮ್ಮ ಶಿರಸಿಯಿಂದ ದಿನಾ ಬೆಳಿಗ್ಗೆ ಒಂದು ಕಳಿಸುತ್ತಾಳೆ, ಬರದಿದ್ದ ದಿನ ಅಮ್ಮ ಫೋನು ಮಾಡಿ ವಿಚಾರಿಸುತ್ತಾಳೆ. “ಬಂತು ಅಂತ ಗೊತ್ತಾದರೆ ಆಯ್ತು. ಅದನ್ನ ಇಟ್ಕೊಂಡು ಎಂತ ಮಾಡೋದು?” ಅಂದಳು. ಸಾವಿರಗಟ್ಟಲೆ ಚಿತ್ರಗಳು ಐದು ನಿಮಿಷದಲ್ಲಿ ಹೋದವು. ಸಿಗಂದೂರು ಸೇತುವೆಯೂ ಹಾಗೇ ಹೋಯಿತು. 2025ರ ಜುಲೈಯಲ್ಲಿ ಅದರ ಉದ್ಘಾಟನೆಯಾದ ವಾರ ಒಂದೇ ಸೇತುವೆ, ಒಂದೇ ಕೋನ, ಒಂದೊಂದು ಗ್ರೂಪಿನಿಂದ ಒಂದೊಂದು ಸಲ ಬಂದಿತ್ತು. ಸೇತುವೆಯಾಗುವ ಮೊದಲು ಲಾಂಚಿನಲ್ಲಿ ಬಸ್ಸು ಹತ್ತಿಸಿಕೊಂಡು ಹೋಗುತ್ತಿದ್ದ ಹಳೆಯ ಫೋಟೊ ಒಂದನ್ನು ಮಾತ್ರ ಇಡು ಅಂದಳು.

ನಿಧಾನವಾದದ್ದು ಅವಳೇ ತೆಗೆದವುಗಳ ವಿಷಯದಲ್ಲಿ. ಎಲೆಚುಕ್ಕೆ ರೋಗ ಬಿದ್ದ ಅಡಿಕೆ ಸೋಗೆ, ಹತ್ತಿರದಿಂದ, ದೂರದಿಂದ, ಎಲೆಯ ಅಡಿಯಿಂದ. ತೋಟಗಾರಿಕೆ ಇಲಾಖೆಯವರಿಗೆ ತೋರಿಸಲು ತೆಗೆದದ್ದು. ಪಹಣಿ. ಸೊಸೈಟಿಯ ರಸೀದಿ. ಕರೆಂಟ್ ಬಿಲ್ಲು, ಬಿ.ಪಿ. ಮಾತ್ರೆಯ ಹಾಳೆ, ಗ್ಯಾಸಿನ ಪುಸ್ತಕ, ಆಧಾರ್ ಕಾರ್ಡಿನ ಎರಡೂ ಮುಖ. ಮದುವೆಯ ಕರೆಯೋಲೆಗಳು, ಮದುವೆ ಆಗಿ ಆ ದಂಪತಿಗೆ ಮಗುವೂ ಆಗಿದೆ. ಸೌದೆಮನೆಯಲ್ಲಿ ಕಂಡ ಹಾವಿನ ಬಾಲ. ಪೂರ್ತಿ ಕಪ್ಪಾದವು, ಸೆರಗು ಅಡ್ಡ ಬಂದವು, ಕಾಲಬೆರಳು. ಹಿಂದೆ ಇವು ಯಾವುದಕ್ಕೂ ಫೋಟೊ ಬೇಕಿರಲಿಲ್ಲ. ಚೀಟಿ ಬರೆದು ಮೊಳೆಗೆ ಚುಚ್ಚುತ್ತಿದ್ದರು, ಕೆಲಸವಾದ ಮೇಲೆ ಒಲೆಗೆ ಹಾಕುತ್ತಿದ್ದರು. ಚೀಟಿಯ ಕೆಲಸವನ್ನು ಕ್ಯಾಮೆರಾ ಮಾಡುತ್ತಿದೆ, ಅದರಲ್ಲಿ ತಪ್ಪೇನಿಲ್ಲ, ಆದರೆ ಒಲೆಗೆ ಹಾಕುವ ಹೆಜ್ಜೆ ಬಿಟ್ಟುಹೋಗಿದೆ. ಹಾಗಾಗಿ ಮೊಮ್ಮಗಳ ಮೊದಲ ಹೆಜ್ಜೆಯ ಎಡಕ್ಕೆ ಮಾತ್ರೆಯ ಹಾಳೆ, ಬಲಕ್ಕೆ ಕರೆಂಟ್ ಬಿಲ್ಲು.

ರೀಲಿನ ಕಾಲದಲ್ಲಿ ಬೇಕು ಬೇಡ ಆರಿಸುವ ಕೆಲಸವನ್ನು ದುಡ್ಡು ಮಾಡುತ್ತಿತ್ತು. ಚಿಕ್ಕಪ್ಪನ ಹತ್ತಿರ ಆಗ್ಫಾ ಕ್ಲಿಕ್ ತ್ರೀ ಇತ್ತು. ಬಿಸಿಲು, ಮೋಡ ಎಂಬ ಗುರುತು ನೋಡಿ ಕಡ್ಡಿ ಸರಿಸುವುದು, ಒತ್ತುವುದು, ಅಷ್ಟೇ. 120ರ ರೀಲಿನಲ್ಲಿ ಹನ್ನೆರಡು ಫೋಟೊ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ಇಂದು ಫಿಲ್ಮು ಸಿಕ್ಕಿದರೆ ಅದು, ಇಲ್ಲದಿದ್ದರೆ ಅಂಗಡಿಯವರು ಕೊಟ್ಟದ್ದು. ಕಪ್ಪು ಬಿಳುಪಿನ ರೀಲು ಮುಗಿಯಲು ಯುಗಾದಿಯಿಂದ ದೀಪಾವಳಿಯವರೆಗೂ ಹಿಡಿಯುತ್ತಿತ್ತು. ಮುಗಿಯದೆ ತೊಳೆಸುವಂತಿಲ್ಲ. ಒಂದು ರೀಲು ಎಂದರೆ ಹಾಗೆ ಅರ್ಧ ವರ್ಷ: ಮೊದಲ ಫೋಟೊದಲ್ಲಿ ಬೇವು ಬೆಲ್ಲ, ಕೊನೆಯದರಲ್ಲಿ ಗೋಪೂಜೆ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗೆ ಬಣ್ಣದ 36ರ ರೀಲು ಬಂತು, ರೀಲಿಗೆ ನೂರರ ಆಸುಪಾಸು, ತೊಳೆಸುವುದಕ್ಕೆ ಬೇರೆ, ಪ್ರಿಂಟಿಗೆ ಬೇರೆ. ಜತನ ಮಾಡಿ ಹಾಕಿದರೆ ಮೂವತ್ತೇಳನೆಯದೂ ಬರುತ್ತಿತ್ತು. ಹಿಂದಿನ ಮುಚ್ಚಳ ಅಕಸ್ಮಾತ್ ತೆರೆದುಕೊಂಡರೆ ರೀಲು ಸುಟ್ಟುಹೋಯಿತೆಂದೇ ಲೆಕ್ಕ. ಪ್ರತಿ ಸಲ ಒತ್ತುವ ಮೊದಲು ಮನೆಯಲ್ಲಿ ಚರ್ಚೆಯಾಗುತ್ತಿತ್ತು. ಯಾರು ನಿಲ್ಲಬೇಕು, ಯಾವ ಸೀರೆ, ಎಮ್ಮೆ ಬೇಕೋ ಬೇಡವೋ. ಎಮ್ಮೆ ಬೇಡ ಎಂದೇ ಪ್ರತಿ ಸಲ ತೀರ್ಮಾನವಾಗುತ್ತಿತ್ತು, ಹಾಗಾಗಿ ನಮ್ಮ ಮನೆಯನ್ನು ಸಾಕಿದ ಒಂದು ಎಮ್ಮೆಯ ಫೋಟೊವೂ ಇಲ್ಲ. ಅಡುಗೆಮನೆಯ ಫೋಟೊ ಇಲ್ಲ. ಅಡಿಕೆ ಸುಲಿಯುವವರ ಫೋಟೊ ಇಲ್ಲ. ನಮ್ಮ ಮನೆಯ ಅನ್ನ ಹುಟ್ಟಿದ್ದೇ ಅವರು ಕೂತು ಸುಲಿಯುವ ಚಪ್ಪರದ ಅಡಿ, ಅವರ ಕೈಯಲ್ಲಿ, ಆದರೂ ಅವರ ಮೇಲೆ ಯಾರೂ ಒಂದು ಫೋಟೊ ಖರ್ಚು ಮಾಡಲಿಲ್ಲ. ರೀಲಿನ ಕಾಲವನ್ನು ಹೊಗಳುವವರು ಆಗ ಎಚ್ಚರದಿಂದ ಆರಿಸಿ ತೆಗೆಯುತ್ತಿದ್ದೆವು ಎನ್ನುತ್ತಾರೆ. ಆರಿಸುತ್ತಿದ್ದೆವು, ನಿಜ. ಆರಿಸಿದ್ದು ಯಾರನ್ನು, ಬಿಟ್ಟದ್ದು ಯಾರನ್ನು ಎಂದು ಮನೆಯ ಫೋಟೊಗಳನ್ನಿಟ್ಟ ಟ್ರಂಕು ತೆರೆದು ನೋಡಿದರೆ ಆ ಹೊಗಳಿಕೆ ಅರ್ಧಕ್ಕೆ ನಿಲ್ಲುತ್ತದೆ.

ಉಳಿಯುವುದರ ಲೆಕ್ಕವೂ ನಾವು ಅಂದುಕೊಂಡ ಹಾಗಿಲ್ಲ. ಆ ಟ್ರಂಕಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವವು ಎಲ್ಲಕ್ಕಿಂತ ಹಳೆಯವು. ಕಪ್ಪು ಬಿಳುಪಿನ ಫೋಟೊದಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ, ಹೈಪೊದಲ್ಲಿ ಅದ್ದಿ ಆಮೇಲೆ ನೀರಿನಲ್ಲಿ ಸರಿಯಾಗಿ ತೊಳೆದಿದ್ದರೆ ಅದು ಅಷ್ಟು ಸುಲಭಕ್ಕೆ ಮಾಸುವುದಿಲ್ಲ. ಆಮೇಲಿನ ಬಣ್ಣದ ಫೋಟೊಗಳು ಕೆಂಪಗಾಗಿವೆ, ಏಕೆಂದರೆ ಅವುಗಳಲ್ಲಿರುವುದು ಮೂರು ಬಣ್ಣದ ರಾಸಾಯನಿಕಗಳು, ಅವುಗಳಲ್ಲಿ ನೀಲಿ ಹಸಿರಿನದು ಮೊದಲು ಬಿಟ್ಟುಹೋಗುತ್ತದೆ. ಮಳೆಗಾಲದ ಬೂಸ್ಟು ಹಿಡಿದು ಕೆಲವು ಗಾಜಿಗೇ ಅಂಟಿಕೊಂಡಿವೆ, ಬಿಡಿಸಲು ಹೋದರೆ ಮುಖ ಗಾಜಿನ ಮೇಲೆ ಉಳಿಯುತ್ತದೆ. ಆಮೇಲೆ ಬಂದ ಡಿಜಿಟಲ್ ಕ್ಯಾಮೆರಾದ ಕಾಲದ್ದು ಇನ್ನೂ ಕೆಟ್ಟ ಸ್ಥಿತಿ. ತಂಗಿಯ ಮದುವೆಯ ಫೋಟೊಗಳನ್ನು ಸಿ.ಡಿ.ಗೆ ಹಾಕಿ ಕೊಟ್ಟಿದ್ದರು. ಅಂಥ ಸಿ.ಡಿ.ಯೊಳಗಿನ ಬಣ್ಣದ ಪದರ ಸೆಕೆಗೂ ಬೆಳಕಿಗೂ ಹಾಳಾಗುತ್ತದೆ. ಹಾಳಾಗಿದೆಯೋ ಇಲ್ಲವೋ ನೋಡಲು ಈಗಿನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಪ್ರಿಂಟು ಹಾಕಿಸಿ ಆಲ್ಬಮ್ಮಿಗೆ ಸೇರಿಸಿದ್ದಷ್ಟೇ ಇವತ್ತು ಕೈಗೆ ಸಿಗುತ್ತಿರುವುದು.

ಅಪ್ಪ ತೀರಿಕೊಂಡ ದಿನ ಈ ಎಲ್ಲ ಪ್ರಶ್ನೆ ಒಟ್ಟಿಗೆ ಎದುರಿಗೆ ನಿಂತಿತು. ಬೆಳಿಗ್ಗೆ ಹತ್ತರ ಹೊತ್ತಿಗೆ ಊರಿನವರು ಒಂದು ಫೋಟೊ ಕೊಡಿ, ದೊಡ್ಡದು ಮಾಡಿಸಿ ತರುತ್ತೇವೆ ಅಂದರು. ಜಗಲಿಯಲ್ಲಿ ಕೂತ ನಾವು ಐದಾರು ಜನ ಫೋನು ತೆಗೆದು ಹುಡುಕಿದೆವು. ಅಪ್ಪ ಎಲ್ಲರ ಫೋನಿನಲ್ಲೂ ಇದ್ದರು. ಎಲೆಯ ಮುಂದೆ ಬಗ್ಗಿ ಊಟ ಮಾಡುತ್ತಿರುವುದು, ಮೊಮ್ಮಗಳ ಹಿಂದೆ ಅರ್ಧ ಮುಖ, ಯಾರದೋ ಸೆಲ್ಫಿಯ ಮೂಲೆ, ತೋಟದಲ್ಲಿ ಬೆನ್ನು. ಎದುರಿಗೆ ನೋಡುತ್ತಿರುವ ಒಂದು ಚೆಂದದ ಫೋಟೊ ಕೊನೆಗೆ ಸಿಕ್ಕಿತು, ಆದರೆ ಅದು ವಾಟ್ಸಾಪ್‌ನಲ್ಲಿ ಬಂದದ್ದು. ತೆಗೆದವರು ಮೂಲ ಫೋಟೊವನ್ನು ಯಾವಾಗಲೋ ಅಳಿಸಿದ್ದರು. ವಾಟ್ಸಾಪ್ ಸಾಮಾನ್ಯವಾಗಿ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ, ಉದ್ದದ ಕಡೆಗೆ 1600 ಚುಕ್ಕಿಯ ಸುತ್ತಮುತ್ತ ಉಳಿಯುತ್ತದೆ. ಇಂಚಿಗೆ 300 ಚುಕ್ಕಿಯಂತೆ ಒಳ್ಳೆಯ ಪ್ರಿಂಟು ಹಾಕಿದರೆ ಅದು ಐದು ಇಂಚಿಗೆ ಮುಗಿಯಿತು. ಅದರೊಳಗಿಂದ ಒಂದು ಮುಖವನ್ನು ಕತ್ತರಿಸಿದರೆ ಉಳಿಯುವುದು ಚೌಕ ಚೌಕದ ಕಲೆ. ಅಜ್ಜಿಯ ಮೂಗುತಿ ಎದುರಿನ ಗೋಡೆಯಲ್ಲೇ ಕಾಣುತ್ತಿತ್ತು. ಕಡೆಗೆ ಬ್ಯಾಂಕಿನ ಕೆಲಸಕ್ಕೆಂದು ಅಪ್ಪ ಸ್ಟುಡಿಯೊದಲ್ಲಿ ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೊವನ್ನು ಅವರ ಪರ್ಸಿನಿಂದ ತೆಗೆದುಕೊಟ್ಟೆವು. ಈಗ ಹಾರ ಹಾಕಿರುವುದು ಅದಕ್ಕೇ. ಅಪ್ಪ ಯಾವತ್ತೂ ಅಷ್ಟು ಬಿಗಿಯಾಗಿ ಮುಖ ಮಾಡಿಕೊಂಡು ಕೂತವರಲ್ಲ.

ಹೀಗಾಗಿ ಅಮ್ಮನ ಫೋನಿನಲ್ಲಿ ಕೈಯಾಡಿಸುವಾಗ ಒಂದು ವಿಷಯದಲ್ಲಿ ನಾನು ಬಲು ಎಚ್ಚರವಾಗಿದ್ದೆ. ಒಂದೇ ಫೋಟೊ ಎರಡು ಕಡೆ ಕಂಡರೆ ಯಾವುದು ಮೂಲ, ಯಾವುದು ಕುಗ್ಗಿದ ಪ್ರತಿ ಎಂದು ನೋಡಿಯೇ ಅಳಿಸಬೇಕು. ಆಂಡ್ರಾಯ್ಡ್ ಫೋನಿನಲ್ಲಿ ನಾವು ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಫೋಟೊದ ಸಣ್ಣ ಪ್ರತಿಯೊಂದು ಸೆಂಟ್ ಎಂಬ ಫೋಲ್ಡರಿನಲ್ಲಿ ಕೂತಿರುತ್ತದೆ. ಹೋಗಬೇಕಾದ್ದು ಅದು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ತೆಗೆದದ್ದು ಎಂಬ ವಿವರ ಮೂಲದಲ್ಲಿ ಸೇರಿರುತ್ತದೆ, ವಾಟ್ಸಾಪ್ ದಾಟಿ ಬಂದದ್ದರಲ್ಲಿ ಅದೂ ಉದುರಿರುತ್ತದೆ. 2023ರಿಂದ ಎಚ್.ಡಿ. ಎಂದು ಆರಿಸಿ ಕಳಿಸುವ ಅನುಕೂಲ ಬಂದಿದೆ, ಒತ್ತುವವರು ಕಡಿಮೆ.

ಇನ್ನೊಂದು ಗೊಂದಲ ಕ್ಲೌಡಿನದು. ಗೂಗಲ್ ಫೋಟೋಸ್‌ಗೆ ಹೋಗಿ ಕೂತ ಫೋಟೊವನ್ನು ಆ ಆ್ಯಪಿನಲ್ಲಿ ಮಾಮೂಲಿನಂತೆ ಡಿಲೀಟ್ ಮಾಡಿದರೆ ಫೋನಿನಿಂದಲೂ ಹೋಗುತ್ತದೆ, ಕ್ಲೌಡಿನಿಂದಲೂ ಹೋಗುತ್ತದೆ. ಮೇಲೆ ಒಂದು ಪ್ರತಿ ಇದೆಯಲ್ಲ ಎಂಬ ಧೈರ್ಯದಲ್ಲಿ ಅಳಿಸುವವರು ಇಲ್ಲೇ ಕಳೆದುಕೊಳ್ಳುವುದು. ಫೋನಿನಲ್ಲಿ ಮಾತ್ರ ಜಾಗ ಬೇಕಿದ್ದರೆ ಅದಕ್ಕೆಂದೇ ಬೇರೆ ಆಯ್ಕೆ ಇದೆ, ಅದು ಕ್ಲೌಡಿಗೆ ಸೇರಿದವನ್ನಷ್ಟೇ ಫೋನಿನಿಂದ ಇಳಿಸುತ್ತದೆ. ಕ್ಲೌಡಿಗೆ ಸೇರಿದ್ದನ್ನು ತಪ್ಪಿ ಅಳಿಸಿದರೂ 60 ದಿನ ಕಸದಬುಟ್ಟಿಯಲ್ಲಿರುತ್ತದೆ, ಆಮೇಲೆ ಯಾರನ್ನು ಕೇಳಿದರೂ ಸಿಗುವುದಿಲ್ಲ. 2021ರ ಜೂನ್ 1ರವರೆಗೆ ಅಲ್ಲಿ ಸ್ವಲ್ಪ ಕುಗ್ಗಿಸಿದ ಫೋಟೊಗಳಿಗೆ ಲೆಕ್ಕವಿಲ್ಲದಷ್ಟು ಜಾಗ ಬಿಟ್ಟಿ ಸಿಗುತ್ತಿತ್ತು. ಈಗ ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ, ಅದರಾಚೆಗೆ ದುಡ್ಡು.

ದುಡ್ಡು ಕೊಟ್ಟು ಜಾಗ ತೆಗೆದುಕೊಂಡುಬಿಡು, ಯಾಕೆ ಈ ತಲೆಬಿಸಿ ಎಂದು ತಂಗಿ ಹೇಳಿದಳು. ಅವಳದೂ ಸರಿಯೇ, ದೊಡ್ಡ ಮೊತ್ತವಲ್ಲ. ಆದರೆ ಜಾಗ ಹೆಚ್ಚಾದಷ್ಟೂ ಆರಿಸುವ ಕೆಲಸ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದದ್ದು ಒಂದು ದಿನ ಮಕ್ಕಳ ತಲೆಗೆ ಬರುತ್ತದೆ. ಸೋಗೆಯ ಫೋಟೊ ಯಾವುದು, ಸೋದರತ್ತೆ ಯಾರು ಎಂದು ಗೊತ್ತಿಲ್ಲದವರು ಆಗ ಒಟ್ಟಿಗೇ ಆರಿಸಿ ಒಟ್ಟಿಗೇ ಅಳಿಸುತ್ತಾರೆ, ಅಥವಾ ಪಾಸ್‌ವರ್ಡ್ ಸಿಗದೆ ಅಷ್ಟೂ ಹೋಗುತ್ತದೆ. ತೆಗೆದವರು ಪಕ್ಕದಲ್ಲಿ ಕೂತು ಇದು ಬೇಕು, ಇದು ಬೇಡ, ಇವರು ಇಂಥವರು ಎಂದು ಹೇಳಲು ಸಾಧ್ಯವಿರುವಾಗಲೇ ಇದನ್ನು ಮಾಡಬೇಕು. ನಾನು ಪಟ್ಟು ಹಿಡಿದದ್ದು ಆ ಕಾರಣಕ್ಕೆ.

ಅಮ್ಮ ಆರಿಸಿದ ರೀತಿ ನಾನು ಆರಿಸುವ ರೀತಿಯಲ್ಲ. ಸಿಂಗಾರ ಮಾಡಿಕೊಂಡು ಮಂಟಪದಲ್ಲಿ ನಿಂತ ಫೋಟೊಗಳನ್ನು ಮುಲಾಜಿಲ್ಲದೆ ತೆಗೆಸಿದಳು. “ಅವರ ಆಲ್ಬಮ್ಮಿನಲ್ಲಿ ಇದೆಯಲ್ಲ.” ಸೂರ್ಯಾಸ್ತ ಬೇಡ. ಜೋಗದ ಎಷ್ಟೋ ಫೋಟೊಗಳಲ್ಲಿ ಒಂದೂ ಬೇಡ. ಉಳಿಸಿಕೊಂಡದ್ದು ಮನೆಯದು: ನಾಲ್ಕೂ ದಿಕ್ಕಿನಿಂದ ಅಂಗಳ, ಬಚ್ಚಲಿಗೆ ಇಳಿಯುವ ಮೆಟ್ಟಿಲು, ಅಟ್ಟದ ಏಣಿ, ಬಾವಿಕಟ್ಟೆ, ಗಾಳಿಗೆ ಬಿದ್ದ ಹಲಸಿನ ಮರ ಬೀಳುವ ಮೊದಲು ಮತ್ತು ಬಿದ್ದ ಮೇಲೆ. ಕೋಣೆ ಕೋಣೆಗೂ ಹೋಗಿ ಗೋಡೆಯ ಫೋಟೊ ತೆಗೆದಿಟ್ಟಿದ್ದಾಳೆ. ಯಾರೂ ಇಲ್ಲದ ಗೋಡೆ. ಇದು ಯಾಕೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ತವರಿನ ಬಚ್ಚಲಿಗೆ ಎಷ್ಟು ಮೆಟ್ಟಿಲು ಎಂಬ ವಾದವನ್ನು ಅರುವತ್ತು ವರ್ಷ ಮಾಡಿದವಳು ಅವಳು.

ಮನೆಯ ಫೋಟೊಗಳಾದ ಮೇಲೆ ಬಂದದ್ದು ಚಪ್ಪರದ ಅಡಿ ಅಡಿಕೆ ಸುಲಿಯುತ್ತಿರುವ ಹೆಂಗಸರು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತಿದ್ದಾರೆ, ಪೆಟ್ರೋಮ್ಯಾಕ್ಸ್ ಇದ್ದಲ್ಲಿ ಈಗ ಎಲ್.ಇ.ಡಿ. ಬಲ್ಬು, ಬೆರಳಿಗೆ ಸುತ್ತಿದ ಬಟ್ಟೆ ಕಪ್ಪಾಗಿದೆ, ಒಬ್ಬಳು ಏನೋ ಹೇಳಿ ಎಲ್ಲರೂ ನಗುತ್ತಿದ್ದಾರೆ. ಒಂದೇ ಹೊತ್ತಿನಲ್ಲಿ ಹತ್ತೋ ಹನ್ನೆರಡೋ ಸಲ ಒತ್ತಿದ್ದಾಳೆ. ಅವುಗಳಲ್ಲಿ ಯಾರ ಕಣ್ಣೂ ಮುಚ್ಚದ, ಯಾರ ಮುಖಕ್ಕೂ ಕೈ ಅಡ್ಡವಿಲ್ಲದ ಒಂದನ್ನು ಹುಡುಕಲು ಆ ರಾತ್ರಿಯ ಅತಿ ಹೆಚ್ಚು ಸಮಯ ಹೋಯಿತು. ಒಂದನ್ನು ಇಟ್ಟು ಉಳಿದದ್ದು ತೆಗೆದೆವು. ಪುಟ್ಟಿ ಕುಣಿದದ್ದು ಅಷ್ಟರಲ್ಲಿ ತಾನಾಗಿ ಇಳಿದುಕೊಂಡಿತ್ತು.

ಉಳಿದವುಗಳಲ್ಲಿ ಆಯ್ದದ್ದನ್ನು ಮರುದಿನ ಸಾಗರಕ್ಕೆ ಒಯ್ದು ಪ್ರಿಂಟು ಹಾಕಿಸಿದೆ. ಪೆನ್ನಿನ ಶಾಯಿ ಮುಂದಕ್ಕೆ ಬರುತ್ತದೆಂದು ಅಮ್ಮ ಪೆನ್ಸಿಲಿನಲ್ಲೇ ಹಿಂಬದಿಗೆ ಹೆಸರು, ಊರು, ಇಸವಿ ಬರೆದಳು. ಫೋನು ದಿನ ಗಂಟೆ ಬರೆದುಕೊಳ್ಳುತ್ತದೆ, ಯಾರು ಯಾರ ಮಗಳು ಎಂದು ಬರೆದುಕೊಳ್ಳುವುದಿಲ್ಲ. ಸುಲಿಯುವವರ ಫೋಟೊಗೆ ಕೂತವರಿಗೆಲ್ಲ ಒಂದೊಂದು ಪ್ರತಿ ಹಾಕಿಸಲು ಹೇಳಿದ್ದಳು. ಸಂಜೆ ಹಂಚಿದಾಗ ಎಲ್ಲರಿಗಿಂತ ಹಿರಿಯಾಕೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಾರ್ಡುಗಳ ಮೇಲಿನದು ಬಿಟ್ಟರೆ ತನ್ನದೊಂದು ಫೋಟೊ ಮನೆಯಲ್ಲಿಲ್ಲ ಎಂದರು.

“ಅಮ್ಮಾ, ಇದರಲ್ಲಿ ನಂದೊಂದೇ ದೊಡ್ಡದು ಮಾಡ್ಸಿ ಕೊಡ್ತೀರಾ? ದುಡ್ಡು ಕೊಡ್ತೀನಿ.”

ಫೋನಿನಲ್ಲಿದ್ದದ್ದು ಅಮ್ಮ ತೆಗೆದ ಮೂಲ ಫೋಟೊ, 4000 ಚುಕ್ಕಿ ಅಗಲದ್ದು. ಸ್ಟುಡಿಯೊದವರು ಆಕೆಯನ್ನಷ್ಟೇ ಕತ್ತರಿಸಿ 6×8ಕ್ಕೆ ಹಾಕಿದರು. ಪಕ್ಕದವರ ಮೊಣಕೈ ತೆಗೆದು ಹಿಂದೆ ನೀಲಿ ಹಾಕಲೇ ಎಂದು ಕೇಳಿದರು, ಬೇಡ ಅಂದೆ. ನಗು ಹಾಗೇ ಬಂದಿದೆ, ಕೆನ್ನೆಯ ಹಚ್ಚೆ ಕಾಣುತ್ತದೆ. ದುಡ್ಡನ್ನು ಅಮ್ಮ ತೆಗೆದುಕೊಳ್ಳಲಿಲ್ಲ. ಆಕೆ ಮರುದಿನ ಒಂದು ಬುಟ್ಟಿ ಗೆಣಸು ತಂದಿಟ್ಟು, ಚೌಕಟ್ಟು ಹಾಕಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿಕೊಂಡು ಹೋದರು.